ಮಗುಚಿದರೂ ಏಳುವ ದೋಣಿ

ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿ ಮನೆಮಾಡಿಕೊಂಡಿರುವ ನಮಗೆ ಕಡಲ ದೋಣಿಯ ವಿಚಾರವೇಕೆ ಎಂಬ ಪ್ರಶ್ನೆ ಸಹಜವಾದದ್ದೇ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಬೀದಿಗಳಲ್ಲಿ ಬಿದ್ದ ಮಳೆನೀರು ವೃಷಭಾವತಿಯನ್ನು ಸೇರಿ, ಕೆಂಗೇರಿಯನ್ನು ದಾಟಿ, ಅರ್ಕಾವತಿಯ ಮೂಲಕ ಕಾವೇರಿಯನ್ನು ಕೂಡಿಕೊಂಡು ಕಡೆಗೆ ಮೂಡಣ ಕಡಲನ್ನು ಮುಟ್ಟುತ್ತದೆ. ಸಮುದ್ರದೊಡನೆ ನಮಗಿರುವ ನೇರವಾದ ಸಂಬಂಧ ಇಷ್ಟೇ ಎನ್ನಬೇಕು. ಆ ನೀರನ್ನು ನಾವು ಯಾವ ಸ್ಥಿತಿಯಲ್ಲಿ ಕಳುಹಿಸಿಕೊಡುತ್ತೇವೆಂಬುದು ಬೇರೆಯ ಮಾತು. ಆದರೆ ನಮ್ಮ ಪೇಟೆಗೆ ಬರುವ ಬಂಗುಡೆ, ಅಂಜಲುಗಳು ಮಲ್ಪೆ ಮಂಗಳೂರುಗಳ ಕಡೆಯಿಂದ ಬರುತ್ತವೆ. ಅವನ್ನು ಹಿಡಿಯುವವರು ನಮ್ಮ ನಾಡಿನವರೇ ಆಗಿದ್ದಾರೆ. ಅವರು ಅಲೆಯ ಬಾಯಿಗೆ ಸಿಕ್ಕಿದಾಗ ಅವರನ್ನು ತರಲು ಹೋಗತಕ್ಕ ದೋಣಿ ಎಂಥದಾಗಿರಬೇಕು ಎಂಬುದನ್ನು ಬೆಂಗಳೂರಿನಲ್ಲಿ ಕುಳಿತೂ ವಿಚಾರಮಾಡಬಹುದಾಗಿದೆ.

2021ನೆಯ ಇಸವಿ ಮೇ ತಿಂಗಳಲ್ಲಿ ತೌಕ್ತೆ ಎಂಬ ಚಂಡಮಾರುತವು ಅರಬ್ಬೀ ಸಮುದ್ರದಲ್ಲಿ ಎದ್ದು ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿತು. ಆಗ ಕೋರಮಂಡಲ್ ಸಪೋರ್ಟರ್ 9 ಎಂಬ ಎಳೆಹಡಗು, ಅಂದರೆ ದೊಡ್ಡ ಹಡಗುಗಳಿಗೆ ನೆರವಾಗುವ ಟಗ್ಗು, ಮೂಲ್ಕಿ ಕಾಪುಗಳ ಕಡೆಯ ಬಂಡೆಗಳ ನಡುವೆ ಸಿಕ್ಕಿಕೊಂಡಿತು. ಅದರಲ್ಲಿ 9 ಮಂದಿ ಇದ್ದರು. ಅವರು ಎಲ್ಲಿದ್ದಾರೆಂಬುದು ಎಲ್ಲರಿಗೂ ತಿಳಿದಿತ್ತು. ಸಹಾಯಕ್ಕೆ ಹೋಗಬೇಕೆಂಬ ಮನಸ್ಸಿಗೂ ಕೊರತೆಯಿರಲಿಲ್ಲ. ಆದರೂ ಅವರನ್ನು ಕರೆತರುವುದಕ್ಕೆ ಮೇ 17ನೆಯ ತಾರೀಕಿನವರೆಗೆ ಕಾಯಬೇಕಾಯಿತು. ದೊಡ್ಡ ಹಡಗು ಬಂಡೆಯ ಬಳಿಗೆ ಬರಲಾರದು; ಸಣ್ಣ ದೋಣಿ ಆ ಅಲೆಗಳಲ್ಲಿ ಉಳಿಯಲಾರದು; ಗಾಳಿ ತಗ್ಗದೆ ಹೆಲಿಕಾಪ್ಟರು ಹಾರಲಾರದು. ಕೊನೆಗೆ ಕೋಸ್ಟ್ ಗಾರ್ಡಿನ ವರಾಹ ಎಂಬ ನೌಕೆಯವರು ಐವರನ್ನೂ, ನೌಕಾಪಡೆಯ ಹೆಲಿಕಾಪ್ಟರಿನವರು ನಾಲ್ವರನ್ನೂ ರಕ್ಷಿಸಿದರು. ಒಂಬತ್ತು ಜನರೂ ಬದುಕಿದರು.

ದೊಡ್ಡ ಹಡಗಿಗೆ ಪ್ರವೇಶವಿಲ್ಲದ, ಸಣ್ಣ ದೋಣಿಗೆ ಉಳಿವಿಲ್ಲದ ಈ ನಡುವಣ ಜಾಗವೇ ಜೀವರಕ್ಷಕ ದೋಣಿಯ ಕಾರ್ಯಕ್ಷೇತ್ರ. ಸಮುದ್ರದಲ್ಲಿ ಅತ್ಯಂತ ಅಪಾಯಕರವಾದ ಸ್ಥಳ ನಡುಗಡಲೆಂದು ಒಳನಾಡಿನವರಾದ ನಾವು ತಿಳಿಯುವುದುಂಟು. ಅದು ಅಷ್ಟು ಸರಿಯಲ್ಲ. ಆಳವಾದ ನೀರಿನಲ್ಲಿ ಅಲೆ ಎಷ್ಟೇ ಎತ್ತರವಾಗಿದ್ದರೂ ಉದ್ದವಾಗಿ, ಇಳಿಜಾರಾಗಿ ಬರುತ್ತದೆ. ದೋಣಿ ಅದರ ಮೇಲೆ ಏರಿ ಇಳಿಯುತ್ತದೆ. ದಡ ಹತ್ತಿರವಾಗುತ್ತ ನೀರು ತೆಳುವಾದಾಗ ಅಲೆಯ ವೇಗ ಕುಗ್ಗುತ್ತದೆ, ಹಿಂದಿನ ಅಲೆ ಮುಂದಿನದನ್ನು ಒತ್ತುತ್ತದೆ, ಮುಖ ಗೋಡೆಯಂತೆ ಕಡಿದಾಗುತ್ತದೆ, ತಲೆ ಮುರಿದು ಬೀಳುತ್ತದೆ. ಹಡಗುಗಳು ಒಡೆಯುವುದೂ ಮನುಷ್ಯರು ಮುಳುಗುವುದೂ ಹೆಚ್ಚಾಗಿ ಇಂಥಲ್ಲಿಯೇ.

ಜೀವರಕ್ಷಕ ದೋಣಿ ಎಂಬ ಒಂದೇ ಹೆಸರಿನಿಂದ ನಾವು ಎರಡು ಬೇರೆ ಬೇರೆ ವಸ್ತುಗಳನ್ನು ಕರೆಯುತ್ತೇವೆ, ಇವನ್ನು ಬಿಡಿಸಿಕೊಳ್ಳಬೇಕು. ಒಂದು, ಹಡಗಿನ ಪಕ್ಕದಲ್ಲಿ ತೂಗುಹಾಕಿರುವ ದೋಣಿ. ಹಡಗು ಉಳಿಯುವುದಿಲ್ಲವೆಂದಾಗ ಜನರು ಇಳಿದುಹೋಗುವುದಕ್ಕೆ ಇರತಕ್ಕದ್ದು ಅದು. ಟೈಟಾನಿಕ್ ಹಡಗು 1912ರಲ್ಲಿ ಮುಳುಗಿದಾಗ ಅದರಲ್ಲಿ ಸುಮಾರು 2,200 ಜನರಿಗೆ 20 ದೋಣಿಗಳೂ ಅವುಗಳಲ್ಲಿ 1,178 ಜನಕ್ಕೆ ಮಾತ್ರ ಸ್ಥಳವೂ ಇತ್ತೆಂಬುದು ಎಲ್ಲರೂ ಬಲ್ಲ ಸಂಗತಿ. ಈಗಿನ ಸರಕುಹಡಗುಗಳಲ್ಲಿ ಈ ದೋಣಿಗೆ ಮುಚ್ಚಿಗೆಯುಂಟು. ಒಳಗೆ ಎಲ್ಲರೂ ಪಟ್ಟಿ ಬಿಗಿದು ಕುಳಿತಿದ್ದರೆ ಮಗುಚಿದರೂ ನೆಟ್ಟಗಾಗುತ್ತದೆ. ಆದರೆ ಅದರ ವೇಗಕ್ಕೆ ನಿಯಮ ಕೇಳುವುದು ಗಂಟೆಗೆ 6 ನಾಟು, ಎಂದರೆ ಸುಮಾರು 11 ಕಿಲೋಮೀಟರು ಮಾತ್ರ. ಎಣ್ಣೆ 24 ಗಂಟೆಗಳಿಗೆ ಸಾಕಾಗುವಷ್ಟಿರಬೇಕು. ಕಾಯುವುದೇ ಅದರ ಕೆಲಸವಾದ್ದರಿಂದ ಇಷ್ಟು ಸಾಕು. 2025ರ ಜೂನ್ 9ರಂದು ಕೇರಳದ ಕಣ್ಣೂರು ಕಡೆಯ ಸಮುದ್ರದಲ್ಲಿ ವಾನ್ ಹೈ 503 ಎಂಬ ಸಿಂಗಾಪುರದ ಹಡಗಿಗೆ ಬೆಂಕಿ ಬಿದ್ದಾಗ, ಅದರಲ್ಲಿದ್ದ 22 ಮಂದಿಯ ಪೈಕಿ 18 ಮಂದಿ ಹಡಗನ್ನು ಬಿಟ್ಟಿಳಿದು ಬದುಕಿಕೊಂಡರು. ಐಎನ್‌ಎಸ್ ಸೂರತ್ ನೌಕೆ ಅವರನ್ನು ನಮ್ಮ ನವಮಂಗಳೂರು ಬಂದರಿಗೆ ತಂದಿಳಿಸಿತು. ನಾಲ್ವರು ಕಾಣೆಯಾದರು.

ಎರಡನೆಯದು, ದಡದಲ್ಲಿ ಸಿದ್ಧವಾಗಿ ನಿಂತಿದ್ದು, ಕರೆ ಬಂದೊಡನೆ ಬಿರುಗಾಳಿಗೆ ಎದುರಾಗಿ ಹೊರಡುವ ದೋಣಿ. ಇತರ ದೋಣಿಗಳೆಲ್ಲ ದಡಕ್ಕೆ ಓಡಿಬರುವ ಹೊತ್ತಿನಲ್ಲಿ ಇದು ದಡದಿಂದ ಹೊರಡುತ್ತದೆ. ನಾವು ಇಂದು ಹೇಳಹೊರಟಿರುವುದು ಮುಖ್ಯವಾಗಿ ಇದನ್ನು ಕುರಿತು. ಇದರ ರಚನೆಯ ಇತಿಹಾಸವೆಲ್ಲ ಒಂದು ಪ್ರಶ್ನೆಯ ಸುತ್ತ ತಿರುಗುತ್ತದೆ: ದೋಣಿ ಮಗುಚದಂತೆ ಕಟ್ಟಬೇಕೆ, ಅಥವಾ ಮಗುಚಿದರೆ ಏಳುವಂತೆ ಕಟ್ಟಬೇಕೆ? ಎರಡೂ ಒಂದೇ ಅಲ್ಲವೆ ಎಂದು ತೋರಬಹುದು. ಅಲ್ಲ, ಬಹುಕಾಲದವರೆಗೆ ಅವು ಒಂದಕ್ಕೊಂದು ವಿರೋಧವಾಗಿಯೇ ಇದ್ದವು.

ಇದನ್ನು ತಿಳಿಯುವುದಕ್ಕೆ ಕನ್ನಡಿಗರಿಗೆ ಹರಿಗೋಲಿಗಿಂತ ಒಳ್ಳೆಯ ಉದಾಹರಣೆ ಬೇಕಾಗಿಲ್ಲ. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಬುಟ್ಟಿಯಂತೆ ದುಂಡಾಗಿ ಹೆಣೆದು ಚರ್ಮ ಹೊದಿಸಿದ ದೋಣಿಗಳಲ್ಲಿ ಹದಿನೈದಿಪ್ಪತ್ತು ಜನರೂ, ಬೇಕಾದರೆ ಕುದುರೆ ಎತ್ತುಗಳೂ ಹೊಳೆಯನ್ನು ದಾಟುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕುದುರೆಯನ್ನು ನಿಲ್ಲಿಸಿಕೊಂಡು ಹೋಗಬಲ್ಲ ದೋಣಿ ಎಷ್ಟು ಸ್ಥಿರವಾಗಿರಬೇಕು! ಈ ಸ್ಥಿರತೆ ಎಲ್ಲಿಂದ ಬರುತ್ತದೆ? ನೀರಿನ ಮೇಲಿರುವ ದೋಣಿಯಲ್ಲಿ ಎರಡು ಬಲಗಳು ಸದಾ ಕೆಲಸಮಾಡುತ್ತಿರುತ್ತವೆ. ದೋಣಿಯ ಮತ್ತು ಅದರಲ್ಲಿರುವವರ ಭಾರವೆಲ್ಲ ಒಂದು ಬಿಂದುವಿನಲ್ಲಿ ಕೂಡಿದಂತೆ ಕೆಳಕ್ಕೆ ಎಳೆಯುತ್ತದೆ, ಇದು ಗುರುತ್ವಕೇಂದ್ರ. ದೋಣಿ ಸರಿಸಿದ ನೀರು ಅದನ್ನು ಮೇಲಕ್ಕೆ ಒತ್ತುತ್ತದೆ. ಈ ಒತ್ತಡವೂ ಒಂದು ಬಿಂದುವಿನ ಮೂಲಕ ನಡೆಯುವಂತೆ ಭಾವಿಸಬಹುದು. ಅದನ್ನು ಪ್ಲವನಕೇಂದ್ರ ಎನ್ನೋಣ. ದೋಣಿ ನೆಟ್ಟಗಿರುವಾಗ ಇವೆರಡೂ ಒಂದೇ ಲಂಬರೇಖೆಯಲ್ಲಿರುತ್ತವೆ. ದೋಣಿ ಎಡಕ್ಕೆ ವಾಲಿತೆನ್ನಿ. ಎಡಭಾಗ ಹೆಚ್ಚು ಮುಳುಗಿ ಪ್ಲವನಕೇಂದ್ರವು ಎಡಕ್ಕೆ ಸರಿಯುತ್ತದೆ. ಈಗ ಎಡದಲ್ಲಿ ಮೇಲಕ್ಕೆ ಒತ್ತುವ ಬಲ, ನಡುವೆ ಕೆಳಕ್ಕೆ ಎಳೆಯುವ ಬಲ, ಎರಡೂ ಸೇರಿ ದೋಣಿಯನ್ನು ಹಿಂದಕ್ಕೆ ತಿರುಗಿಸಿ ನಿಲ್ಲಿಸುತ್ತವೆ. ಹರಿಗೋಲು ಅಗಲವಾಗಿಯೂ ಚಪ್ಪಟೆಯಾಗಿಯೂ ಇರುವುದರಿಂದ ಅದು ಸ್ವಲ್ಪ ವಾಲಿದರೂ ಪ್ಲವನಕೇಂದ್ರ ಬಹಳ ದೂರ ಸರಿಯುತ್ತದೆ. ಕೂಡಲೆ ಗಟ್ಟಿಯಾದ ಪ್ರತಿಕ್ರಿಯೆ ದೊರೆಯುತ್ತದೆ.

ಆದರೆ ವಾಲುವುದು ಒಂದು ಮಿತಿಯನ್ನು ದಾಟಿ ಅಂಚು ನೀರಿನೊಳಗೆ ಹೋಯಿತೋ, ಅಲ್ಲಿಗೆ ಕಥೆ ಮುಗಿಯಿತು. ನಿಲ್ಲಿಸುತ್ತಿದ್ದ ಬಲಗಳೇ ಈಗ ಅದನ್ನು ಮಗುಚುತ್ತವೆ. ಬೋರಲು ಬಿದ್ದ ಹರಿಗೋಲು ತಾನಾಗಿ ಏಳುವುದುಂಟೆ? ನೆಟ್ಟಗಿರುವಾಗ ಎಷ್ಟು ಸ್ಥಿರವೋ ಬೋರಲಾದಾಗಲೂ ಅದು ಅಷ್ಟೇ ಸ್ಥಿರ. ಅಗಲವಾದ ತೆರೆದ ದೋಣಿಗಳೆಲ್ಲವುಗಳ ಗುಣವೂ ಇದೇ.

ಇದಕ್ಕೆ ವಿರುದ್ಧವಾದ ವಸ್ತುವನ್ನು ನೋಡಬೇಕಾದರೆ ನವರಾತ್ರಿಯಲ್ಲಿ ನಮ್ಮ ಮನೆಗಳ ಬೊಂಬೆಗಳ ಸಾಲಿಗೆ ಹೋಗಬೇಕು. ಬುಡವನ್ನು ಉರುಟಾಗಿ ಮಾಡಿ ಅದರಲ್ಲಿ ಭಾರವನ್ನಿಟ್ಟ ತಂಜಾವೂರಿನ ಬೊಂಬೆಯನ್ನು ಮಗು ಒಂದು ಬೆರಳಿನಿಂದ ಬೀಳಿಸಬಲ್ಲದು; ಆದರೆ ಯಾರೂ ಅದನ್ನು ಬಿದ್ದೇ ಇರುವಂತೆ ಮಾಡಲಾರರು. ಅದು ವಾಲುವುದು ಸುಲಭ, ಏಳುವುದು ನಿಶ್ಚಯ. ಹರಿಗೋಲಿನ ಗುಣ ಒಂದು, ಬೊಂಬೆಯ ಗುಣ ಒಂದು. ಜೀವರಕ್ಷಕ ದೋಣಿಗೆ ಯಾವುದು ಬೇಕು?

1789ರಲ್ಲಿ ಇಂಗ್ಲೆಂಡಿನ ಟೈನ್ ನದಿಯ ಮುಖದಲ್ಲಿ ಅಡ್ವೆಂಚರ್ ಎಂಬ ಹಡಗು ಬಿರುಗಾಳಿಗೆ ಸಿಕ್ಕಿ ಒಡೆಯಿತು. ದಡದಲ್ಲಿ ಸಾವಿರಾರು ಜನ ನೆರೆದಿದ್ದರು. ಅವರ ಕಣ್ಣೆದುರಿನಲ್ಲಿಯೇ ನಾವಿಕರು ಒಬ್ಬೊಬ್ಬರಾಗಿ ನೀರಿಗೆ ಬಿದ್ದರು; ಹೋಗಬಲ್ಲ ದೋಣಿ ಮಾತ್ರ ಯಾರಲ್ಲಿಯೂ ಇರಲಿಲ್ಲ. ಲಂಡನ್ನಿನ ಗಾಡಿ ಕಟ್ಟುವ ಲಯನೆಲ್ ಲುಕಿನ್ ಎಂಬಾತನು 1785ರಲ್ಲಿಯೇ ಮುಳುಗದ ದೋಣಿಗೆ ಪೇಟೆಂಟು ಪಡೆದಿದ್ದುದು ನಿಜ. ಆದರೆ ಟೈನ್ ತೀರದ ಸೌತ್ ಷೀಲ್ಡ್ಸ್ ಊರಿನ ಜನರನ್ನು ಎಬ್ಬಿಸಿದ್ದು ಈ ದೃಶ್ಯ. ಊರಿನ ಪ್ರಮುಖರು ಉತ್ತಮವಾದ ಮಾದರಿಗೆ ಎರಡು ಗಿನಿಗಳ ಬಹುಮಾನವನ್ನು ಸಾರಿದರು. ಮನುಷ್ಯಜೀವಕ್ಕೆ ಕಟ್ಟಿದ ಬೆಲೆ ಬಹಳ ದೊಡ್ಡದೇನೂ ಆಗಿರಲಿಲ್ಲ.

ಬಂದ ಮಾದರಿಗಳಲ್ಲಿ ವಿಲಿಯಂ ವುಡ್‌ಹೇವ್ ಎಂಬ ಬಣ್ಣ ಬಳಿಯುವವನದೂ ಒಂದು. ಅವನಿಗೆ ಈ ಯೋಚನೆ ಬಂದದ್ದು ಬಾವಿಕಟ್ಟೆಯಲ್ಲೆಂದು ಹೇಳುತ್ತಾರೆ. ನೀರು ಸೇದಿಟ್ಟಿದ್ದ ಹೆಂಗಸೊಬ್ಬಳ ಕೊಡದಲ್ಲಿ ದುಂಡು ಮರದ ಮುಚ್ಚಳದ ಒಂದು ತುಂಡು ತೇಲುತ್ತಿತ್ತು. ಅವನು ಸುಮ್ಮನೆ ಅದನ್ನು ಬೋರಲು ಹಾಕಿದನು. ಅದು ತಿರುಗಿ ಮೊದಲಿನಂತೆಯೇ, ಎರಡು ತುದಿಗಳನ್ನು ಮೇಲಕ್ಕೆ ಮಾಡಿ, ನಿಂತುಕೊಂಡಿತು. ಮತ್ತೆ ಹಾಕಿದನು, ಮತ್ತೆ ಎದ್ದಿತು. ಎರಡು ತುದಿ ಎತ್ತರವಾಗಿ, ನಡುವೆ ತಗ್ಗಾಗಿ, ಭಾರ ಕೆಳಗಿದ್ದರೆ ದೋಣಿಯೂ ಹೀಗೆಯೇ ಏಳಬೇಕೆಂದು ಅವನು ತವರದ ಮಾದರಿಯೊಂದನ್ನು ಮಾಡಿದನು. ಕಥೆ ಪೂರ್ತಿ ನಿಜವೋ ಅಲ್ಲವೋ, ಒಳಗಿನ ಭೌತಶಾಸ್ತ್ರವಂತೂ ನಿಜ. ಬಹುಮಾನವನ್ನು ಕೊಡುವವರು ಅವನಿಗೆ ಅರ್ಧ, ಎಂದರೆ ಒಂದು ಗಿನಿಯನ್ನು ಕೊಡಲು ಬಂದರು. ಅವನು ಕೋಪದಿಂದ ನಿರಾಕರಿಸಿದನು. ದೋಣಿಯನ್ನು ಕಟ್ಟುವ ಕೆಲಸ ಹೆನ್ರಿ ಗ್ರೇಟ್‌ಹೆಡ್ ಎಂಬ ದೋಣಿಗಾರನಿಗೆ ಹೋಯಿತು. ಒರಿಜಿನಲ್ ಎಂಬ ಹೆಸರಿನ ಆ ದೋಣಿ 1790ರ ಜನವರಿ 30ರಂದು ಸಮುದ್ರಕ್ಕಿಳಿಯಿತು. ಹತ್ತು ಹುಟ್ಟುಗಳು, ಹಿಂದುಮುಂದೆನ್ನದೆ ಎರಡು ತುದಿಯೂ ಮೊನಚು, ಪಕ್ಕಗಳಿಗೆ ಸುಮಾರು 350 ಕಿಲೋಗ್ರಾಮಿನಷ್ಟು ಕಾರ್ಕು. ನೀರು ತುಂಬಿದರೂ ಅದು ಮುಳುಗುತ್ತಿರಲಿಲ್ಲ. ಮಗುಚಿದರೆ ಮಾತ್ರ ಏಳುತ್ತಿರಲಿಲ್ಲ. ವುಡ್‌ಹೇವನ ಮುಖ್ಯ ಗುಣವನ್ನೇ ಬಿಟ್ಟಿದ್ದರು.

ಆ ಗುಣಕ್ಕೆ ಮನ್ನಣೆ ದೊರೆತದ್ದು ಅರುವತ್ತು ವರ್ಷಗಳ ಮೇಲೆ. 1824ರಲ್ಲಿ ಸರ್ ವಿಲಿಯಂ ಹಿಲರಿಯ ಪ್ರಯತ್ನದಿಂದ ಹುಟ್ಟಿ ಈಗ ರಾಯಲ್ ನ್ಯಾಷನಲ್ ಲೈಫ್‌ಬೋಟ್ ಇನ್‌ಸ್ಟಿಟ್ಯೂಷನ್ ಎನಿಸಿಕೊಂಡಿರುವ ಸಂಸ್ಥೆ ಅಷ್ಟರಲ್ಲಿ ಬೇರೂರಿತ್ತು. 1851ರಲ್ಲಿ ನಾರ್ತಂಬರ್ಲೆಂಡಿನ ಡ್ಯೂಕನು 100 ಗಿನಿಗಳ ಬಹುಮಾನವಿಟ್ಟಾಗ 280 ಮಾದರಿಗಳು ಬಂದವು. ಗೆದ್ದದ್ದು ಜೇಮ್ಸ್ ಬೀಚಿಂಗನ ದೋಣಿ. ಜೇಮ್ಸ್ ಪೀಕ್ ಅದನ್ನು ತಿದ್ದಿ ಹಸನುಮಾಡಿದನು. ಅದರ ಹಿಂದೆ ಮುಂದೆ ಎತ್ತರವಾದ ಗಾಳಿಪೆಟ್ಟಿಗೆಗಳು, ಅಡಿಯಲ್ಲಿ ಬೆನ್ನೆಲುಬಿನಂತೆ ಭಾರವಾದ ಕಬ್ಬಿಣದ ಪಟ್ಟಿ, ದೇಹ ಸಣಕಲು. ಇಂಥ ದೋಣಿ ಬೋರಲಾದರೆ ತುದಿಯ ಎರಡು ಪೆಟ್ಟಿಗೆಗಳ ಮೇಲೆ ನಿಲ್ಲಬೇಕಾಗುತ್ತದೆ. ಕಬ್ಬಿಣದ ಭಾರ ನೆತ್ತಿಯ ಮೇಲೆ ಬಂದು ಕುಳಿತಿರುತ್ತದೆ. ಮೊಳೆಯ ಮೇಲೆ ನಿಲ್ಲಿಸಿದ ಮಡಕೆಯಂತೆ ಆ ಸ್ಥಿತಿ ಕ್ಷಣಕಾಲವೂ ನಿಲ್ಲದು; ದೋಣಿ ಒಂದು ಪಕ್ಕಕ್ಕೆ ಉರುಳಿ ನೆಟ್ಟಗಾಗುತ್ತದೆ. ಒಳಗೆ ನುಗ್ಗಿದ ನೀರು ಹೊರಗೆ ಹೋಗುವುದಕ್ಕೆ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿ ಒಂದು ಹಾಸು, ಅದರಲ್ಲಿ ಒಂದೇ ದಿಕ್ಕಿಗೆ ತೆರೆಯುವ ತೂಬುಗಳು. ಈ ತೂಬುಗಳ ವಿಚಾರ ಅಲ್ಪವೆಂದು ಕಾಣಬಹುದು, ಹಾಗಲ್ಲ. ಅಗಲವಾದ ಹರಿವಾಣದಲ್ಲಿ ನೀರು ತುಂಬಿ ಎತ್ತಿಕೊಂಡು ನಡೆದು ನೋಡಿದವರಿಗೆ ಗೊತ್ತು: ಹರಿವಾಣ ಎತ್ತ ವಾಲಿತೋ ನೀರೆಲ್ಲ ಅತ್ತಲೇ ಓಡಿ ಇನ್ನಷ್ಟು ವಾಲಿಸುತ್ತದೆ. ದೋಣಿಯೊಳಗಿನ ನೀರು ಮಾಡುವ ಕೇಡೂ ಇದೇ. ಅದರ ಭಾರಕ್ಕಿಂತ ಅದರ ಓಡಾಟ ಅಪಾಯಕರ.

ಬೊಂಬೆಯ ಗುಣ ಗೆದ್ದಿತೆಂದು ತೋರಿತು. ಆದರೆ ಆ ಗುಣಕ್ಕೆ ತೆತ್ತ ಬೆಲೆ 1886ರ ಡಿಸೆಂಬರ್ 9ರ ರಾತ್ರಿ ತಿಳಿಯಿತು. ಇಂಗ್ಲೆಂಡಿನ ಪಶ್ಚಿಮ ತೀರದಲ್ಲಿ, ರಿಬಲ್ ನದಿಯ ಮುಖದ ಮರಳುದಿಬ್ಬಗಳ ನಡುವೆ ಮೆಕ್ಸಿಕೋ ಎಂಬ ಜರ್ಮನ್ ಹಡಗು ಸಿಕ್ಕಿಕೊಂಡಿತು. ಮೂರು ಊರುಗಳಿಂದ ಮೂರು ಜೀವರಕ್ಷಕ ದೋಣಿಗಳು ಹೊರಟವು. ಲಿಥಮ್ ಊರಿನ ದೋಣಿ ಹಡಗಿನ 12 ಮಂದಿಯನ್ನೂ ಕರೆತಂದಿತು. ಸೌತ್‌ಪೋರ್ಟ್ ಮತ್ತು ಸೇಂಟ್ ಆನ್ಸ್ ಊರುಗಳ ದೋಣಿಗಳು ಮಗುಚಿದವು. ಮೊದಲನೆಯದರ 16 ಮಂದಿಯಲ್ಲಿ 14, ಎರಡನೆಯದರ 13ಕ್ಕೆ 13, ಒಟ್ಟು 27 ಜನ ರಕ್ಷಕರೇ ಸತ್ತರು. ತಾವಾಗಿಯೇ ಏಳಬೇಕಾಗಿದ್ದ ಎರಡು ದೋಣಿಗಳೂ ದಡದ ಬಳಿ ಬೋರಲು ಬಿದ್ದಿದ್ದವು. ನೀರು ತೆಳುವಾದ ಕಡೆ ಉರುಳಿ ಏಳುವುದಕ್ಕೆ ಎಡೆಯೆಲ್ಲಿ? ಅಷ್ಟೇ ಅಲ್ಲದೆ, ಸಣಕಲಾದ ದೇಹ, ಗಾಳಿಗೆ ಸಿಕ್ಕುವ ಎತ್ತರದ ತುದಿಗಳು, ಇವುಗಳಿಂದ ಆ ದೋಣಿಗಳು ಮೊದಲಿಗೆ ಮಗುಚುವುದೇ ಸುಲಭವಾಗಿತ್ತು. ಏಳುವ ಗುಣವನ್ನು ಕೊಳ್ಳಲು ನಿಲ್ಲುವ ಗುಣವನ್ನು ಮಾರಿಕೊಂಡಿದ್ದರು.

ಮಾರನೆಯ ವರ್ಷ ಸಂಸ್ಥೆಯ ಸಲಹೆಗಾರನಾಗಿ ಬಂದ ಜಿ. ಎಲ್. ವಾಟ್ಸನ್ ಎಂಬ ನೌಕಾಶಿಲ್ಪಿ ಇನ್ನೊಂದು ದಾರಿಯನ್ನು ಹಿಡಿದನು. ದೋಣಿ ಅಗಲವಾಗಲಿ, ಉದ್ದವಾಗಲಿ, ತಗ್ಗಾಗಲಿ. ಮಗುಚುವ ಸಂದರ್ಭವೇ ಅತಿ ವಿರಳವಾಗಲಿ. ಏಳುವ ಗುಣ ಹೋದರೆ ಹೋಗಲಿ. ನಾವಿಕರು ಈ ದೋಣಿಗಳನ್ನು ಮೆಚ್ಚಿದರು. ಎಂಬತ್ತು ವರ್ಷಗಳ ಕಾಲ ವಾಟ್ಸನ್ ಜಾತಿಯ ದೋಣಿಗಳು ಸಾವಿರಾರು ಜೀವಗಳನ್ನು ಉಳಿಸಿದವು. ಅವನ ನಿರ್ಣಯ ಆ ಕಾಲಕ್ಕೆ ಸರಿಯಾದದ್ದೆಂದೇ ನಮ್ಮ ಅಭಿಪ್ರಾಯ. ಆದರೆ ವಿರಳವೆಂದರೆ ಇಲ್ಲವೆಂದಲ್ಲ. 1969ರ ಮಾರ್ಚಿಯಲ್ಲಿ ಸ್ಕಾಟ್ಲೆಂಡಿನ ಲಾಂಗ್‌ಹೋಪ್ ನಿಲ್ದಾಣದ ವಾಟ್ಸನ್ ದೋಣಿ ಮಗುಚಿ ಎಂಟು ಮಂದಿ ಸತ್ತರು. ಮುಂದಿನ ಜನವರಿಯಲ್ಲಿ ಫ್ರೇಜರ್‌ಬರೋದಲ್ಲಿ ಮತ್ತೊಂದು ದೋಣಿ ಮಗುಚಿ ಆರರಲ್ಲಿ ಐವರು ಹೋದರು. ಆಮೇಲೆ ಸಂಸ್ಥೆಯವರು ತಮ್ಮ ದೋಣಿಗಳೆಲ್ಲವೂ ಏಳಬಲ್ಲವಾಗಬೇಕೆಂದು ತೀರ್ಮಾನಿಸಿದರು.

ಎರಡು ಗುಣಗಳಿಗೂ ಸಂಧಿ ಮಾಡಿಸಿದ್ದು ಯಾವುದು? ಹೊಸ ಸಿದ್ಧಾಂತವೇನೂ ಅಲ್ಲ. ಎಂಜಿನು ಮತ್ತು ಕೋಣೆ. ಹುಟ್ಟು ಹಾಕುವ ಕಾಲದಲ್ಲಿ ಜನರು ತೆರೆದ ಜಾಗದಲ್ಲಿ ಕುಳಿತಿರಲೇಬೇಕಾಗಿತ್ತು. ಎಂಜಿನು ಬಂದ ಮೇಲೆ ಅದರ ಭಾರವನ್ನು ತಳದಲ್ಲಿ ಇಡುವುದಕ್ಕೂ, ಮೇಲೆ ನೀರು ಹೊಗದ ಕೋಣೆಯನ್ನು ಕಟ್ಟುವುದಕ್ಕೂ ಸಾಧ್ಯವಾಯಿತು. ನೆಟ್ಟಗಿರುವಾಗ ಈ ಕೋಣೆ ಗಾಳಿಯಲ್ಲಿರುತ್ತದೆ. ದೋಣಿಯ ಅಗಲಕ್ಕೆ ಅಡ್ಡಿಮಾಡುವುದಿಲ್ಲ. ಬೋರಲಾದೊಡನೆ ಅದು ನೀರಿನೊಳಗೆ ಹಿಡಿದ ದೊಡ್ಡದೊಂದು ಗಾಳಿಬುಗ್ಗೆಯಂತಾಗಿ ಮೇಲಕ್ಕೆ ನುಗ್ಗುತ್ತದೆ. ಎಂಜಿನಿನ ಭಾರ ಕೆಳಕ್ಕೆ ಎಳೆಯುತ್ತದೆ. ದೋಣಿ ಕೆಲವೇ ಸೆಕೆಂಡುಗಳಲ್ಲಿ ಎದ್ದು ನಿಲ್ಲುತ್ತದೆ. ಹೀಗೆ ಹರಿಗೋಲಿನ ಅಗಲವೂ ಬೊಂಬೆಯ ಬುಡವೂ ಒಂದರಲ್ಲೇ ಸೇರಿದವು. ಒಂದು ಷರತ್ತು ಮಾತ್ರ ಉಂಟು: ಬಾಗಿಲು ಮುಚ್ಚಿರಬೇಕು. ತೆರೆದ ಬಾಗಿಲೊಂದು ಇಷ್ಟು ಲೆಕ್ಕಾಚಾರವನ್ನೂ ನೀರುಪಾಲು ಮಾಡುತ್ತದೆ. ಹೊಸ ದೋಣಿಯನ್ನು ಸೇವೆಗೆ ಬಿಡುವ ಮುನ್ನ ಬಂದರಿನ ಶಾಂತವಾದ ನೀರಿನಲ್ಲಿ ಕ್ರೇನಿನಿಂದ ಪಟ್ಟಿ ಸುತ್ತಿ ಎಳೆದು, ಬೇಕೆಂದೇ ಬೋರಲು ಹಾಕಿ ನೋಡುತ್ತಾರೆ.

ಆ ಸಂಸ್ಥೆಯು 2014ರಿಂದ ಬಳಸುತ್ತಿರುವ ಷಾನನ್ ಜಾತಿಯ ದೋಣಿ 13.6 ಮೀಟರು ಉದ್ದ, ಸುಮಾರು 18 ಟನ್ನು ಭಾರ, ವೇಗ ಗಂಟೆಗೆ 25 ನಾಟು, ಎಂದರೆ 46 ಕಿಲೋಮೀಟರಿನಷ್ಟು. ಇದಕ್ಕೆ ತಿರುಗುವ ರೆಕ್ಕೆಗಳಿಲ್ಲ. ಅಡಿಯಿಂದ ನೀರನ್ನು ಹೀರಿ ಹಿಂದಕ್ಕೆ ರಭಸದಿಂದ ಚಿಮ್ಮಿಸಿ ಮುಂದೆ ಹೋಗುತ್ತದೆ. ಮರಳಿಗೆ ತಗುಲಿ ಮುರಿಯುವ ರೆಕ್ಕೆ ಇಲ್ಲದ್ದರಿಂದ ತೆಳುವಾದ ನೀರಿಗೂ ನೇರವಾಗಿ ದಡಕ್ಕೂ ಬರಬಹುದು. ಈ ಉಪಾಯವೂ ಹೊಸದಲ್ಲ. 1889ರಲ್ಲಿ ನೀರಿಗಿಳಿದ ಮೊದಲ ಉಗಿ ಜೀವರಕ್ಷಕ ದೋಣಿಯೂ ನೀರು ಚಿಮ್ಮಿಸಿಯೇ ಓಡುತ್ತಿತ್ತು. ಇನ್ನು ಸಣ್ಣವುಗಳಲ್ಲಿ, ಗಟ್ಟಿಯಾದ ತಳಕ್ಕೆ ಸುತ್ತಲೂ ಗಾಳಿ ತುಂಬಿದ ಕೊಳವೆಯನ್ನು ಕಟ್ಟಿದ ದೋಣಿ ಇದೆ. 1960ರ ದಶಕದಲ್ಲಿ ವೇಲ್ಸಿನ ಅಟ್ಲಾಂಟಿಕ್ ಕಾಲೇಜಿನಲ್ಲಿ ಅದರ ಮುಖ್ಯಸ್ಥ ಡೆಸ್ಮಂಡ್ ಹೋರ್ ಎಂಬವರು ವಿದ್ಯಾರ್ಥಿಗಳೊಡನೆ ಸೇರಿ ಇದನ್ನು ರೂಪಿಸಿ, ಹಕ್ಕನ್ನು ಸಂಸ್ಥೆಗೆ ಒಂದು ಪೌಂಡಿಗೆ ಕೊಟ್ಟರು. ಕಾಲೇಜಿನಲ್ಲಿ ಪಾಠ ಹೇಳುವ ನಮಗೆ ಇದು ಸ್ವಲ್ಪ ಹೊಟ್ಟೆಕಿಚ್ಚಿನ ಸಂಗತಿ. ಈ ದೋಣಿ ಮಗುಚಿದರೆ ಹಿಂಭಾಗದ ಕಮಾನಿನ ಮೇಲೆ ಮಡಿಸಿಟ್ಟ ಚೀಲವೊಂದು ಅನಿಲದಿಂದ ಉಬ್ಬಿ ಅದನ್ನು ಎತ್ತುತ್ತದೆ.

ಈಗ ನಮ್ಮ ತೀರಕ್ಕೆ ಬರೋಣ. ನದಿ ಕಡಲನ್ನು ಸೇರುವ ಮುಖಕ್ಕೆ ನಮ್ಮ ಕರಾವಳಿಯಲ್ಲಿ ಅಳಿವೆ ಎಂದು ಹೆಸರು. ಮಂಗಳೂರಿನಲ್ಲಿ ನೇತ್ರಾವತಿ ಗುರುಪುರ ನದಿಗಳ ಅಳಿವೆ, ಗಂಗೊಳ್ಳಿಯಲ್ಲಿ ಐದು ಹೊಳೆಗಳ ಅಳಿವೆ, ಹೊನ್ನಾವರದಲ್ಲಿ ಶರಾವತಿಯದು, ಕಾರವಾರದಲ್ಲಿ ಕಾಳಿಯದು. ನದಿ ತಂದ ಮರಳು ಬಾಗಿಲಿಗೆ ಅಡ್ಡಲಾಗಿ ದಿಬ್ಬವಾಗುತ್ತದೆ. ಮಳೆಗಾಲದಲ್ಲಿ ಘಟ್ಟದಿಂದಿಳಿದ ಪ್ರವಾಹ ಹೊರಕ್ಕೆ ನುಗ್ಗುತ್ತಿರುವಾಗ ನೈಋತ್ಯದ ಅಲೆ ಒಳಕ್ಕೆ ನುಗ್ಗುತ್ತದೆ. ಎರಡೂ ದಿಬ್ಬದ ಮೇಲೆ ಸಂಧಿಸಿ, ಅಲೆ ಕುಗ್ಗಿ ಕಡಿದಾಗಿ ಮುರಿಯುತ್ತದೆ. ಹೊರಗೆ ಹೋಗುವುದಕ್ಕಿಂತ ಒಳಗೆ ಬರುವುದೇ ಇಲ್ಲಿ ಕಷ್ಟ. ಹೊರಡುವಾಗ ಅಲೆ ಎದುರಿಗಿರುತ್ತದೆ, ಕಾಣುತ್ತದೆ. ಬರುವಾಗ ಅದು ಬೆನ್ನ ಹಿಂದೆ ಬಂದು ದೋಣಿಯ ಹಿಂಭಾಗವನ್ನು ಎತ್ತುತ್ತದೆ. ಮೂತಿ ಕೆಳಗಿನ ನೀರಿಗೆ ಚುಚ್ಚಿಕೊಳ್ಳುತ್ತದೆ. ದೋಣಿಯೂ ಅಲೆಯೂ ಒಂದೇ ವೇಗದಲ್ಲಿ ಓಡುತ್ತಿರುವುದರಿಂದ ಚುಕ್ಕಾಣಿಗೆ ನೀರಿನ ಹಿಡಿತ ಸಿಕ್ಕುವುದಿಲ್ಲ. ಹಿಂಭಾಗ ಪಕ್ಕಕ್ಕೆ ಬೀಸಿ, ದೋಣಿ ಅಲೆಗೆ ಅಡ್ಡಲಾಗಿ ನಿಂತು, ಮರುಕ್ಷಣದಲ್ಲಿ ಮಗುಚುತ್ತದೆ. ಹಳೆಯ ಜೀವರಕ್ಷಕ ದೋಣಿಗಳವರು ಇದಕ್ಕೆ ಕ್ಯಾನ್‌ವಾಸಿನ ಶಂಕುವಿನಂಥ ಚೀಲವೊಂದನ್ನು ಹಗ್ಗಕ್ಕೆ ಕಟ್ಟಿ ಹಿಂದೆ ಎಳೆದುಕೊಂಡು ಬರುತ್ತಿದ್ದರು. ಅದು ಹಿಂಭಾಗವನ್ನು ಬಿಗಿಹಿಡಿದು ದೋಣಿಯನ್ನು ನೇರವಾಗಿ ಇಡುತ್ತಿತ್ತು.

ಅಮೆರಿಕದ ಕೋಸ್ಟ್ ಗಾರ್ಡಿನವರು ತಮ್ಮ 47 ಅಡಿಯ ಜೀವರಕ್ಷಕ ದೋಣಿಯನ್ನು ಇಂಥ ಬಾಗಿಲುಗಳಿಗೆಂದೇ ಕಟ್ಟಿದ್ದಾರೆ: ಮುರಿಯುವ ಅಲೆ 20 ಅಡಿಯವರೆಗೆ, ತೆರೆದ ಕಡಲ ಅಲೆ 30 ಅಡಿಯವರೆಗೆ ತಡೆಯಬೇಕು, ಮಗುಚಿದರೆ ಹತ್ತು ಸೆಕೆಂಡಿನೊಳಗೆ ಏಳಬೇಕು. ಅದರ ನಾವಿಕರಿಗೆ ತರಬೇತಿ ಕೊಡುವ ಶಾಲೆಯನ್ನು ಕೊಲಂಬಿಯಾ ನದಿಯ ಭಯಂಕರವಾದ ಅಳಿವೆಯ ಪಕ್ಕದಲ್ಲಿಯೇ ಇಟ್ಟಿದ್ದಾರೆ.

ನಮ್ಮಲ್ಲಿ ಕೋಸ್ಟ್ ಗಾರ್ಡು 1978ರ ಕಾಯಿದೆಯಿಂದ ಸ್ಥಾಪಿತವಾಯಿತು. ಕರ್ನಾಟಕದ ಜಿಲ್ಲಾ ಕಚೇರಿ ಪಣಂಬೂರಿನಲ್ಲಿದೆ. 1554 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಅವರು ದೊರೆಯುತ್ತಾರೆ. ದೂರದ ಸಮುದ್ರದ ರಕ್ಷಣೆಯಲ್ಲಿ ಅವರ ನೌಕೆಗಳೂ ವಿಮಾನಗಳೂ ಮಾಡಿರುವ ಕೆಲಸ ದೊಡ್ಡದು. ಆದರೆ ಕಾವಲಿಗೆಂದೂ ಬೆನ್ನಟ್ಟುವುದಕ್ಕೆಂದೂ ಕಟ್ಟಿದ ವೇಗದ ದೋಣಿ, ಅಳಿವೆಯ ಮುರಿಯುವ ಅಲೆಯಲ್ಲಿ ಉರುಳಿ ಏಳುವುದಕ್ಕೆ ಕಟ್ಟಿದ್ದಲ್ಲ. ಬ್ರಿಟನ್ ಐರ್ಲೆಂಡುಗಳ ತೀರದಲ್ಲಿ 230ಕ್ಕೂ ಹೆಚ್ಚು ನಿಲ್ದಾಣಗಳಲ್ಲಿ ದೋಣಿಯನ್ನಿಟ್ಟುಕೊಂಡು ಕಾಯುವಂಥ ಸ್ವಯಂಸೇವಕರ ಸಂಸ್ಥೆ ನಮ್ಮಲ್ಲಿ ಬೆಳೆಯಲಿಲ್ಲ. ಅಳಿವೆಯಲ್ಲಿ ದೋಣಿ ಮಗುಚಿದಾಗ ಮೊದಲು ಧಾವಿಸುವವರು ಪಕ್ಕದ ದೋಣಿಯ ಮೀನುಗಾರರು. ಅವರ ದೋಣಿಗೂ ಅದೇ ಅಪಾಯ.

ಇದರಲ್ಲಿ ಇನ್ನೂ ಒಂದು ವಿಪರ್ಯಾಸವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದೋಣಿಗಳ ಮೀನುಗಾರಿಕೆಗೆ ನಿಷೇಧವುಂಟು. ಈ ನಿಷೇಧದಿಂದ ಹೊರತಾದವು 10 ಅಶ್ವಶಕ್ತಿಯವರೆಗಿನ ಎಂಜಿನು ಕಟ್ಟಿದ ನಾಡದೋಣಿಗಳು. ಮೀನಿನ ಸಂತತಿಯನ್ನೂ ಬಡವನ ಹೊಟ್ಟೆಯನ್ನೂ ನೋಡಿ ಮಾಡಿದ ನಿಯಮ ನ್ಯಾಯವಾದದ್ದೇ. ಆದರೆ ಅದರ ಫಲವಾಗಿ ವರ್ಷದ ಅತ್ಯಂತ ಕೆಟ್ಟ ಅಲೆಗಳ ಕಾಲದಲ್ಲಿ ಅಳಿವೆಯನ್ನು ದಾಟುವವು ಎಲ್ಲಕ್ಕಿಂತ ಸಣ್ಣ ತೆರೆದ ದೋಣಿಗಳೇ ಆಗುತ್ತವೆ. ಮಳೆಗಾಲವಲ್ಲದಾಗಲೂ ತೆರೆದ ದೋಣಿಗೆ ಮಿತಿಯುಂಟು. 2019ರ ಜನವರಿ 21ರಂದು ಕಾರವಾರದ ಹತ್ತಿರ ಕೂರ್ಮಗಡ ದ್ವೀಪದ ಜಾತ್ರೆಯಿಂದ ಹಿಂದಿರುಗುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡರು. ದೋಣಿಯಲ್ಲಿ ಮಿತಿಮೀರಿದ ಜನರಿದ್ದರೆಂದು ಆಗ ವರದಿಯಾಯಿತು. ಜನ ಹೆಚ್ಚಿದಷ್ಟೂ ದೋಣಿ ತಗ್ಗುತ್ತದೆ, ಅಂಚು ನೀರಿಗೆ ಹತ್ತಿರವಾಗುತ್ತದೆ. ಎದ್ದು ನಿಂತರೆ ಗುರುತ್ವಕೇಂದ್ರ ಮೇಲೇರುತ್ತದೆ. ಎಲ್ಲರೂ ಒಂದೇ ಪಕ್ಕಕ್ಕೆ ಸರಿದರೆ, ಹರಿವಾಣದ ನೀರೇ ಆಗುತ್ತಾರೆ.

ನಾಡದೋಣಿಯನ್ನು ಷಾನನ್ ದೋಣಿಯಂತೆ ಮಾಡಲು ಸಾಧ್ಯವಿಲ್ಲ, ಮಾಡಬೇಕಾಗಿಯೂ ಇಲ್ಲ. ಬಲೆ ಎಳೆಯುವ ದೋಣಿ ತೆರೆದೇ ಇರಬೇಕು. ಆದರೆ ಒರಿಜಿನಲ್ ದೋಣಿಯ ಕಾರ್ಕನ್ನು ಅದಕ್ಕೆ ಕೊಡಬಹುದು. ಈಗಿನ ನಾಡದೋಣಿಗಳು ಬಹುಮಟ್ಟಿಗೆ ಫೈಬರಿನವು. ಫೈಬರು ತಾನಾಗಿ ತೇಲುವುದಿಲ್ಲ. ಕುಳಿತುಕೊಳ್ಳುವ ಅಡ್ಡಹಲಗೆಗಳ ಕೆಳಗೂ ಎರಡು ತುದಿಗಳಲ್ಲಿಯೂ ಪೆಟ್ಟಿಗೆಗಳನ್ನು ಕಟ್ಟಿ, ಒಳಗೆ ನೀರು ಹೀರದ ನೊರೆಯನ್ನು ತುಂಬಿ ಮುಚ್ಚಿಬಿಟ್ಟರೆ, ದೋಣಿ ತುಂಬಿದರೂ ಮಗುಚಿದರೂ ನೀರಿನ ಮೇಲೆಯೇ ಉಳಿಯುತ್ತದೆ. ಹಿಡಿದುಕೊಳ್ಳಲು ಒಂದು ಆಸರೆ ಸಿಕ್ಕುತ್ತದೆ. ತಳದ ಹೊರಗಡೆ ಉದ್ದಕ್ಕೂ ಒಂದು ಹಗ್ಗವನ್ನೋ ಹಿಡಿಯನ್ನೋ ಬಿಗಿದಿದ್ದರೆ ಬೋರಲಾದ ನುಣುಪು ದೋಣಿಯಿಂದ ಕೈ ಜಾರುವುದು ತಪ್ಪುತ್ತದೆ. ಎಂಜಿನು ನಡೆಸುವವನ ಕೈಗೂ ಎಂಜಿನಿಗೂ ಒಂದು ದಾರ ಕಟ್ಟಿದ್ದರೆ ಅವನು ನೀರಿಗೆ ಬಿದ್ದೊಡನೆ ಎಂಜಿನು ನಿಲ್ಲುತ್ತದೆ. ತಿರುಗುವ ರೆಕ್ಕೆಗಳು ಈಜುವವರ ಮೇಲೆ ಹಾಯುವುದಿಲ್ಲ.

ಇನ್ನು ಉಳಿದದ್ದು ಮೈಮೇಲಿನ ಕಾರ್ಕು. ಕ್ಯಾಪ್ಟನ್ ವಾರ್ಡ್ ಎಂಬ ಅಧಿಕಾರಿ 1854ರಲ್ಲಿ ಕಾರ್ಕಿನ ಜಾಕೆಟನ್ನು ಮಾಡಿಕೊಟ್ಟಾಗ ಬ್ರಿಟಿಷ್ ನಾವಿಕರು ಅದನ್ನು ತೊಡಲು ಇಷ್ಟಪಡಲಿಲ್ಲ. ಹುಟ್ಟು ಹಾಕಲು ಅಡ್ಡವೆಂದರು. 1861ರ ಫೆಬ್ರವರಿಯಲ್ಲಿ ವಿಟ್ಬಿ ಊರಿನ ದೋಣಿ ಮಗುಚಿದಾಗ 13 ಮಂದಿಯಲ್ಲಿ ಬದುಕಿದವನು ಹೆನ್ರಿ ಫ್ರೀಮನ್ ಒಬ್ಬನೇ. ಆ ಹೊಸ ಜಾಕೆಟನ್ನು ತೊಟ್ಟಿದ್ದವನೂ ಅವನೇ. ನಮ್ಮ ಮೀನುಗಾರರಲ್ಲಿಯೂ ಜಾಕೆಟು ಹಲವೊಮ್ಮೆ ದೋಣಿಯ ಮೂಲೆಯಲ್ಲಿಯೇ ಇರುತ್ತದೆ. ಬಲೆಗೆ ಸಿಕ್ಕಿಕೊಳ್ಳುತ್ತದೆ, ಬಿಸಿಲಿಗೆ ಬೇಯುತ್ತದೆ ಎಂಬ ಅವರ ಮಾತು ಸುಳ್ಳಲ್ಲ. ದಪ್ಪನೆಯ ಹಳೆಯ ಬಗೆಯವು ಹಾಗೆಯೇ ಇವೆ. ಕತ್ತಿನಿಂದ ಇಳಿಬಿಟ್ಟ ಅಂಗವಸ್ತ್ರದಂತೆ ತೆಳುವಾಗಿದ್ದು, ನೀರಿಗೆ ಬಿದ್ದೊಡನೆ ತಾನಾಗಿ ಗಾಳಿ ತುಂಬಿ ಉಬ್ಬಿಕೊಳ್ಳುವ ಜಾಕೆಟುಗಳು ಈಗ ಬಂದಿವೆ. ಅವುಗಳ ಬೆಲೆ ಹೆಚ್ಚು. ಅನಿಲದ ಸಣ್ಣ ಸೀಸೆಯನ್ನು ಆಗಾಗ್ಗೆ ಬದಲಾಯಿಸುತ್ತಿರಬೇಕು.